ಎರಡು ಎಂಬತ್ತೊಂದು

ನೂರಕ್ಕೆ ಎಂಬತ್ತೊಂದು ಎಂಬ ಅಂಕಿ ನಮ್ಮ ಪರಿಸರದ ಚರ್ಚೆಯಲ್ಲಿ ಎರಡು ಕಡೆ ಸಿಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಸಿ-ವೋಟರ್ ಸಂಸ್ಥೆಯೊಡನೆ ಸೇರಿ 2021ರ ಅಕ್ಟೋಬರ್‌ನಿಂದ 2022ರ ಜನವರಿವರೆಗೆ ದೇಶದ ಸುಮಾರು 4,600 ಮಂದಿಯನ್ನು ಫೋನಿನಲ್ಲಿ ಮಾತಾಡಿಸಿತು. ಭೂಮಿ ಬಿಸಿಯಾಗುತ್ತಿರುವುದು ತಮಗೆ ಚಿಂತೆ ತಂದಿದೆ ಎಂದವರು ಶೇ 81. ಎರಡನೆಯದು ಅದಕ್ಕಿಂತ ಸುಮಾರು ಹತ್ತು ವರ್ಷ ಹಳೆಯದು. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ಕೊಟ್ಟ ವರದಿಗೆ ಬಂದ 1,750 ಪ್ರತಿಕ್ರಿಯೆಗಳನ್ನು ಕಸ್ತೂರಿರಂಗನ್ ನೇತೃತ್ವದ ಸಮಿತಿ ಪರಿಶೀಲಿಸಿದಾಗ, ಶಿಫಾರಸುಗಳು ಬೇಡ ಎಂದವು ಶೇ 81.

ಇವೆರಡೂ ಒಂದೇ ಅಂಕಿಯಾಗಿರುವುದು ಕಾಕತಾಳೀಯ. ಕೇಳಿದ ಜನ ಬೇರೆ, ಕಾಲ ಬೇರೆ, ವಿಧಾನವಂತೂ ಪೂರ್ತಿ ಬೇರೆ. ಆದರೂ ಇಂಥ ಜೋಡಿ ಅಂಕಿಗಳನ್ನು ಮುಂದಿಟ್ಟುಕೊಂಡು ನಮ್ಮಲ್ಲಿ ಬಹಳ ಮಂದಿ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಜನ ಬಾಯಲ್ಲಿ ಭೂಮಿತಾಯಿ ಎನ್ನುತ್ತಾರೆ, ತಮ್ಮ ಬೇಲಿಯ ಬುಡಕ್ಕೆ ಬಂದಾಗ ತಿರುಗಿ ಬೀಳುತ್ತಾರೆ, ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ರೋಗ ಹೀಗೆಂದು ಗೊತ್ತಾದ ಮೇಲೆ ಮದ್ದೂ ಸಿದ್ಧವಾಗಿಯೇ ಇರುತ್ತದೆ. ಜಾಗೃತಿ ಶಿಬಿರ, ಬೀದಿ ನಾಟಕ, ಶಾಲಾ ಮಕ್ಕಳ ಜಾಥಾ. ಜನರಿಗೆ ತಿಳಿವಳಿಕೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಸರ್ಕಾರಕ್ಕೂ ಇದೆ, ಸಂಘಸಂಸ್ಥೆಗಳಿಗೂ ಇದೆ. ನನಗೆ ಈ ರೋಗನಿರ್ಣಯವೇ ತಪ್ಪು ಅನ್ನಿಸುತ್ತದೆ. ಜನ ಎರಡು ನಾಲಗೆಯವರಾಗಿರಲಿಲ್ಲ. ಅವರ ಮುಂದೆ ಬಂದದ್ದು ಎರಡು ಬೇರೆ ಪ್ರಶ್ನೆಗಳು, ಎರಡಕ್ಕೂ ಅವರು ಕೊಟ್ಟದ್ದು ಬಹುಮಟ್ಟಿಗೆ ವಿವೇಕದ ಉತ್ತರಗಳೇ.

ಮೊದಲ ಅಂಕಿ ಹುಟ್ಟಿದ ಬಗೆ ನೋಡಿ. ಅದೇ ಸಮೀಕ್ಷೆಯಲ್ಲಿ ಶೇ 54 ಮಂದಿ, ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ಗೊತ್ತಿರುವುದು ಅಲ್ಪಸ್ವಲ್ಪ ಅಥವಾ ಆ ಮಾತನ್ನೇ ಕೇಳಿಲ್ಲ ಎಂದಿದ್ದರು. ಆಮೇಲೆ ಅದೇನೆಂದು ಅವರಿಗೆ ಚಿಕ್ಕದಾಗಿ ವಿವರಿಸಲಾಯಿತು. ವಿವರಣೆ ಕೇಳಿದ ಮೇಲೆ ಶೇ 84 ಮಂದಿ ಹೌದು, ಅದು ಆಗುತ್ತಿದೆ ಎಂದರು. ಯೇಲ್‌ನವರೇ 2011ರ ಕೊನೆಯಲ್ಲಿ ಮಾಡಿದ್ದ ಮೊದಲ ಸಮೀಕ್ಷೆಯಲ್ಲೂ ಹೀಗೇ ಆಗಿತ್ತು: ಕೇಳಿಯೇ ಇಲ್ಲ ಅಥವಾ ಗೊತ್ತಿಲ್ಲ ಎಂದವರು ಶೇ 41, ವಿವರಿಸಿದ ಮೇಲೆ ಒಪ್ಪಿದವರು ಶೇ 72. ಇದರಲ್ಲಿ ಮೋಸವೇನಿಲ್ಲ. ಸಂಶೋಧಕರು ಎಲ್ಲವನ್ನೂ ಬಿಚ್ಚಿಟ್ಟೇ ಪ್ರಕಟಿಸಿದ್ದಾರೆ. ಆದರೆ ಪತ್ರಿಕೆಗಳ ತಲೆಬರಹಕ್ಕೆ ಬರುವಷ್ಟರಲ್ಲಿ ವಿವರಿಸಿದ ಮೇಲೆ ಎಂಬ ಭಾಗ ಉದುರಿಹೋಗಿರುತ್ತದೆ.

ಇಲ್ಲಿ ನನ್ನನ್ನು ಕಾಡುವುದು ಆ ಗೊತ್ತಿಲ್ಲದವರ ಗುಂಪು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಆರಿದ್ರಾ ಮಳೆ ಏನಾಯಿತು, ಪುನರ್ವಸು ಎಷ್ಟು ಬಂತು, ಶೇಂಗಾ ಬಿತ್ತಿದವರ ಗತಿ ಏನು, ಹಿಂಗಾರಿಗೆ ಕಡಲೆ ಹಾಕಿದವರ ಗತಿ ಏನು ಎಂದು ಚಳ್ಳಕೆರೆಯ ರೈತನನ್ನು ಕೇಳಿದರೆ ಅರ್ಧ ದಿನ ಹೇಳುತ್ತಾನೆ. ತನ್ನ ಅಪ್ಪನ ಕಾಲಕ್ಕೂ ತನ್ನ ಕಾಲಕ್ಕೂ ಇರುವ ಅಂತರವನ್ನು ನಕ್ಷತ್ರದ ಲೆಕ್ಕದಲ್ಲಿ ಬಿಡಿಸಿಡುತ್ತಾನೆ. ಇಂಗಾಲದ ಡೈಆಕ್ಸೈಡಿಗೂ ಇದಕ್ಕೂ ಇರುವ ನಂಟು ಅವನಿಗೆ ಗೊತ್ತಿಲ್ಲದಿರಬಹುದು, ಅದು ನಿಜವಾದ ಕೊರತೆಯೂ ಹೌದು. ಆದರೆ ಅವನ ತಿಳಿವನ್ನು ಹಿಡಿಯುವ ಪ್ರಶ್ನೆಯೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅವನು ಅರಿವಿಲ್ಲದವರ ಖಾನೆಯಲ್ಲಿ ಕೂರುತ್ತಾನೆ. ಯೋಜನೆಗಳು ತಯಾರಾಗುವುದು ಆ ಖಾನೆಯನ್ನು ನೋಡಿ.

ಇನ್ನು ಆ ಚಿಂತೆಯ ತೂಕ. ಫೋನಿನಲ್ಲಿ ಅಪರಿಚಿತರೊಬ್ಬರು ಗೌರವದಿಂದ ಮಾತಾಡಿಸಿ, ಇಂಥದ್ದು ಆಗುತ್ತಿದೆಯಂತೆ, ನಿಮಗೆ ಚಿಂತೆಯೇ ಎಂದು ಕೇಳಿದರೆ, ಇಲ್ಲ ಎನ್ನುವುದಕ್ಕೆ ಒಂದಿಷ್ಟು ಒರಟುತನ ಬೇಕು. ಹೌದು ಎನ್ನುವುದಕ್ಕೆ ಖರ್ಚಿಲ್ಲ. ಸಮೀಕ್ಷೆ ಮಾಡುವವರಿಗೆ ಇದು ಹೊಸ ವಿಷಯವಲ್ಲ. ಕೇಳುವವರ ಮನಸ್ಸಿಗೆ ಒಪ್ಪುವಂತೆ ಉತ್ತರಿಸುವ ಮನುಷ್ಯಸ್ವಭಾವದ ಬಗ್ಗೆ ಅವರಲ್ಲಿ ದೊಡ್ಡ ಸಾಹಿತ್ಯವೇ ಇದೆ. ಕೇಳಿದ ದಿನದ ಬಿಸಿಲು ಕೂಡ ಉತ್ತರವನ್ನು ವಾಲಿಸುತ್ತದೆ. ಅಮೆರಿಕ ಮತ್ತು ಆಸ್ಟ್ರೇಲಿಯದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಇವತ್ತು ಎಂದಿಗಿಂತ ಸೆಕೆ ಹೆಚ್ಚು ಎಂದವರು ಭೂಮಿ ಬಿಸಿಯಾಗುತ್ತಿದೆ ಎಂಬುದನ್ನೂ ಹೆಚ್ಚು ನಂಬಿದರು ಎಂದು ತೋರಿಸಿತು. ಬೆಂಗಳೂರಿನವರನ್ನು 2024ರ ಏಪ್ರಿಲ್‌ನಲ್ಲಿ ಕೇಳಿದ್ದರೂ, ಡಿಸೆಂಬರಿನ ಚಳಿಯಲ್ಲಿ ಕೇಳಿದ್ದರೂ ಒಂದೇ ಉತ್ತರ ಬರುತ್ತಿತ್ತೆಂದು ನಾನು ನಂಬಲಾರೆ.

ಹೇಳಿಕೆಗೂ ನಡೆಗೂ ನಡುವೆ ಏನೇನು ಕೂತಿರುತ್ತದೆ ಎಂಬುದಕ್ಕೆ ಕೊಡಗಿನಷ್ಟು ಒಳ್ಳೆಯ ಪಾಠ ಬೇರೆಲ್ಲೂ ಸಿಗದು. ಅಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದು ಊರಿಗೂ ತನ್ನ ದೇವರು, ತನ್ನ ಹಬ್ಬ, ಕೊಡಲಿ ಹಾಕಬಾರದೆಂಬ ತನ್ನ ಕಟ್ಟಳೆ. ಭಕ್ತಿಯ ಬಗ್ಗೆ ಸಮೀಕ್ಷೆ ಮಾಡಿದರೆ ನೂರಕ್ಕೆ ನೂರರ ಆಸುಪಾಸು ಬಂದೀತು. ಆದರೆ ದಾಖಲೆಯ ಪ್ರಕಾರ 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ದೇವರಕಾಡು 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿತ್ತು. ಆ ಎಂಬತ್ತು ವರ್ಷಗಳಲ್ಲಿ ದೇವರ ಮೇಲಿನ ಭಕ್ತಿ ಅರ್ಧಕ್ಕಿಂತ ಕೆಳಗಿಳಿಯಿತೆಂದು ಯಾರೂ ಹೇಳಲಾರರು. ಬದಲಾದದ್ದು ಜಾಗದ ಒಡೆತನ, ಅದನ್ನು ನೋಡಿಕೊಳ್ಳುವ ಇಲಾಖೆ, ಕಾಫಿಯ ದರ, ಜನಸಂಖ್ಯೆ.

ಅದೇ ಕೊಡಗಿನ ಕಾಫಿ ತೋಟದಲ್ಲಿ ಇನ್ನೊಂದು ಪಾಠವಿದೆ. ಹಿಂದೆ ನೆರಳಿಗೆ ಹಲವು ಬಗೆಯ ಕಾಡುಮರಗಳಿದ್ದ ಕಡೆ ಈಗ ಸಾಲುಸಾಲು ಸಿಲ್ವರ್ ಓಕ್. ನೋಡಿದವರು ಬೆಳೆಗಾರರಿಗೆ ಕಾಡುಮರಗಳ ಮೇಲೆ ಪ್ರೀತಿಯಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಬೆಳೆಗಾರನನ್ನು ಕೂರಿಸಿಕೊಂಡು ಮಾತಾಡಿಸಿದರೆ ಕಥೆ ಬೇರೆ. ಸಿಲ್ವರ್ ಓಕನ್ನು ಕಡಿಯಲು, ಮಾರಲು ಅವನಿಗೆ ಅಡ್ಡಿಯಿಲ್ಲ. ಬೀಟೆ, ಹೊನ್ನೆ, ಹಲಸು ಎಂದರೆ ಅರಣ್ಯ ಇಲಾಖೆಯ ಅನುಮತಿ, ಮೇಲಿಂದ ಮೇಲೆ ಓಡಾಟ. ಎಷ್ಟೋ ಬಗೆಯ ಜಮೀನಿನಲ್ಲಿ ಮರದ ಹಕ್ಕೇ ಸರ್ಕಾರದ್ದು. ತನ್ನ ತೋಟದಲ್ಲಿ ತಾನಾಗಿ ಹುಟ್ಟಿದ ಬೀಟೆಯ ಸಸಿ ಅವನಿಗೆ ಮುಂದೊಂದು ದಿನದ ತಲೆನೋವಾಗಿ ಕಾಣುತ್ತದೆ, ಚಿಕ್ಕದಿರುವಾಗಲೇ ಕೀಳುತ್ತಾನೆ. ಮರ ಉಳಿಸಲು ಮಾಡಿದ ಕಾನೂನೇ ಮರ ಹುಟ್ಟದಂತೆ ನೋಡಿಕೊಂಡ ಕಥೆ ಇದು. ಇದನ್ನು ಮನೋಭಾವದ ಅಳತೆಗೋಲಿನಿಂದ ಅಳೆಯಹೊರಟರೆ ಸಿಗುವುದು ಕಾನೂನಿನ ನೆರಳು ಮಾತ್ರ.

ಎರಡನೆಯ ಎಂಬತ್ತೊಂದಕ್ಕೆ ಬರೋಣ. ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರ ಆಗಸ್ಟ್‌ನಲ್ಲಿ. ಕೇಂದ್ರದ ಪರಿಸರ ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನ ಅಡಿ ಅರ್ಜಿ ಹೋಗಿ, ಕೇಂದ್ರ ಮಾಹಿತಿ ಆಯೋಗ ಆದೇಶ ಕೊಟ್ಟು, ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಅಲ್ಲೂ ಸೋತ ಮೇಲೆ 2012ರ ಮೇ ತಿಂಗಳಲ್ಲಿ ಅದು ಸಚಿವಾಲಯದ ಜಾಲತಾಣಕ್ಕೆ ಬಂತು. ಇಂಗ್ಲಿಷಿನಲ್ಲಿ. ಘಟ್ಟದ ಭಾಷೆಗಳಿಗೆ ಅನುವಾದಿಸಿ ಗ್ರಾಮಸಭೆಗಳ ಮುಂದಿಡಬೇಕು, ಅಲ್ಲಿಂದ ಬಂದ ಮಾತಿನ ಮೇಲೆ ವಲಯಗಳನ್ನು ತಿದ್ದಬೇಕು ಎಂಬುದು ಗಾಡ್ಗೀಳರ ಮನವಿಯಾಗಿತ್ತು. ಅದು ಆಗಲಿಲ್ಲ. ಕೋಟಿಗಟ್ಟಲೆ ಜನ ವಾಸಿಸುವ ಗುಜರಾತಿನಿಂದ ಕನ್ಯಾಕುಮಾರಿವರೆಗಿನ ಬೆಟ್ಟಸಾಲಿನ ಅಭಿಪ್ರಾಯವಾಗಿ ಕೊನೆಗೆ ಉಳಿದದ್ದು ಆ 1,750 ಪ್ರತಿಕ್ರಿಯೆಗಳು. ಇಂಗ್ಲಿಷ್ ವರದಿ ಓದಿ ದೆಹಲಿಗೆ ಬರೆದು ಕಳಿಸುವ ಪುರುಸೊತ್ತು, ತುರ್ತು ಮತ್ತು ಲಾಭ ಯಾರಿಗಿತ್ತು ಎಂದು ಊಹಿಸುವುದು ಕಷ್ಟವಲ್ಲ. ಹೊನ್ನಾವರದ ಮೀನುಗಾರರ ಹೆಂಗಸಿಗೆ ಖಂಡಿತ ಇರಲಿಲ್ಲ.

ತಾನಾಗಿ ಬಂದ ಪತ್ರಗಳನ್ನು ಎಣಿಸಿ ಜನಾಭಿಪ್ರಾಯ ಎನ್ನುವ ಚಾಳಿ ಯಾವ ದಿಕ್ಕಿಗಾದರೂ ವಾಲಬಹುದು. ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಮಾತು ಬಂದಾಗ ಬಿಡಿಎಗೆ ಬಂದದ್ದು 299 ಇಮೇಲ್. ಅದರಲ್ಲಿ ಶೇ 73 ಯೋಜನೆಯ ಪರ ಎಂದು ಪ್ರಾಧಿಕಾರ ಹೇಳಿತು. ಆ ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಮಂದಿ ಅದೇ ರಸ್ತೆಯಲ್ಲಿ ಕೈಕೈ ಹಿಡಿದು ನಿಂತು ಬೇಡ ಎಂದರು. 2017ರ ಮಾರ್ಚ್‌ನಲ್ಲಿ ಯೋಜನೆ ಬಿತ್ತು. ಯಾವುದು ನಗರದ ಅಭಿಪ್ರಾಯ? ಬಹುಶಃ ಎರಡೂ ಅಲ್ಲ. ಆದರೆ ಬೀದಿಗೆ ಬಂದವರು ತಮ್ಮ ಭಾನುವಾರದ ನಿದ್ದೆಯನ್ನಾದರೂ ಬಿಟ್ಟು ಬಂದಿದ್ದರು.

ಕಸ್ತೂರಿರಂಗನ್ ಸಮಿತಿ ಜನರ ಗೋಜಲನ್ನು ಇನ್ನೊಂದು ರೀತಿಯಲ್ಲಿ ದಾಟಿತು: ಉಪಗ್ರಹದ ಚಿತ್ರ ನೋಡಿತು. ಘಟ್ಟವನ್ನು ಮನುಷ್ಯರ ವಾಸ, ಕೃಷಿ, ತೋಟಗಳಿರುವ ಭಾಗ ಮತ್ತು ಸಹಜ ಭಾಗ ಎಂದು ಎರಡಾಗಿ ವಿಂಗಡಿಸಿ, ಒಟ್ಟು ಪ್ರದೇಶದ ಸುಮಾರು ಶೇ 37ನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿತು. ಲೆಕ್ಕದ ಘಟಕ ಗ್ರಾಮ. ಗ್ರಾಮದ ಐದನೇ ಒಂದು ಭಾಗ ಅಂಥ ಕಾಡಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರಿತು. ಆಕಾಶದಿಂದ ನೋಡಿದರೆ ಸೊಪ್ಪಿನ ಬೆಟ್ಟವೂ ಕಾಡೇ, ದೇವರಕಾಡೂ ಕಾಡೇ, ಮುತ್ತಜ್ಜ ನೆಟ್ಟ ಮಾವು ಹಲಸಿನ ಹಿತ್ತಿಲೂ ಎಷ್ಟೋ ಕಡೆ ಕಾಡೇ. ಕರ್ನಾಟಕದ ಪಾಲಿಗೆ ಹೀಗೆ ಬಂದದ್ದು 20,668 ಚದರ ಕಿಲೋಮೀಟರ್.

ಈಗ ಒಂದು ವಿಚಿತ್ರ. ಆ ವರದಿಯ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ನಿಜವಾಗಿ ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಇಂಥವನ್ನು. ಜಮೀನಿನ ಒಡೆತನವನ್ನು ಅದು ಮುಟ್ಟುವುದಿಲ್ಲ, ಯಾರನ್ನೂ ಎಬ್ಬಿಸುವುದಿಲ್ಲ. ಎರಡು ಎಕರೆ ಅಡಿಕೆ ತೋಟದವನಿಗೆ ಅದರಿಂದ ಆಗುವ ತೊಂದರೆ ಅಷ್ಟಕ್ಕಷ್ಟೆ. ಗಾಡ್ಗೀಳ್ ವರದಿ ಇದಕ್ಕಿಂತ ಮುಂದೆ ಹೋಗಿ ಕೀಟನಾಶಕಗಳನ್ನು ಹಂತಹಂತವಾಗಿ ಬಿಡಿಸುವ ಮಾತಾಡಿತ್ತು ನಿಜ. ಆದರೆ ಅದರ ನಂತರದ ಕರಡುಗಳು ಹಾಗಲ್ಲ. ಹಾಗಿದ್ದೂ ಸಭೆಗಳಲ್ಲಿ ಕೂಗಿ ಮಾತಾಡಿದವರು ರೈತರೇ. ಕ್ವಾರಿಯ ಮಾಲೀಕರು ಹಿಂದೆ ನಿಂತು ನೂಕಿದರು ಎನ್ನುವುದು ಸುಲಭದ ಉತ್ತರ. ಅದರಲ್ಲಿ ಸತ್ಯಾಂಶವೂ ಇರಬಹುದು. ಆದರೆ ನೂಕಿದ ಕಡೆಗೆಲ್ಲ ಹೋಗುವಷ್ಟು ದಡ್ಡರು ಮಲೆನಾಡಿನಲ್ಲಿ ಇಲ್ಲ.

ಅವರ ಕಿವಿಗೆ ಬಿದ್ದದ್ದು ಪ್ರಕೃತಿಯ ಪ್ರಶ್ನೆಯಾಗಿರಲಿಲ್ಲ, ಇಲಾಖೆಯ ಪ್ರಶ್ನೆಯಾಗಿತ್ತು. ಉತ್ತರ ಕನ್ನಡದ ಅಡಿಕೆ ಬೆಳೆಗಾರ ಸೊಪ್ಪಿನ ಬೆಟ್ಟದಿಂದ ತಲೆಮಾರುಗಳಿಂದ ಸೊಪ್ಪು ತರುತ್ತಿದ್ದಾನೆ, ಬೆಟ್ಟದ ಮೇಲೆ ಅವನಿಗಿರುವುದು ಬಳಕೆಯ ಸವಲತ್ತು ಮಾತ್ರ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದಾಗ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಕಾಡನ್ನು ನೆಚ್ಚಿ ಬದುಕಿದ್ದಕ್ಕೆ ಆಧಾರ ತೋರಿಸಬೇಕೆಂದಿತು. 1930ರ ಕಾಗದ ಯಾರ ಮನೆಯ ಅಟ್ಟದಲ್ಲಿದೆ? ಅರ್ಜಿಗಳು ಗುಡ್ಡೆಗುಡ್ಡೆಯಾಗಿ ತಿರಸ್ಕೃತವಾದವು. ಇಂಥ ಅನುಭವದ ಮೇಲೆ ಪರಿಸರ ಸೂಕ್ಷ್ಮ ಎಂಬ ಇನ್ನೊಂದು ಮುದ್ರೆ ಬೀಳುತ್ತದೆ ಎಂದಾಗ, ಅದರ ಷರತ್ತುಗಳು ಏನೇ ಇರಲಿ, ಗಾರ್ಡಿನ ಕೈಗೆ ಇನ್ನೊಂದು ಕಾಗದ ಸಿಕ್ಕಿತು ಎಂದೇ ಜನ ಲೆಕ್ಕ ಹಾಕುತ್ತಾರೆ. ಹಿಂದಿನ ಅನುಭವದಿಂದ ಮುಂದಿನದನ್ನು ಊಹಿಸುವುದನ್ನು ಅಜ್ಞಾನ ಎನ್ನುವಂತಿಲ್ಲ.

ಹೀಗಿದ್ದೂ ಅದೇ ಘಟ್ಟದಲ್ಲಿ ತದ್ವಿರುದ್ಧವಾದ ಉತ್ತರವೂ ಬಂದಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಇಪ್ಪತ್ತೈದು ಹಳ್ಳಿಗಳ ಗ್ರಾಮಸಭೆಗಳು ತಮ್ಮನ್ನು ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿಸಿ ಎಂದು ತಾವೇ ಕೇಳಿಕೊಂಡವು. ಅವರು ಸಿದ್ದಾಪುರ, ಹೊಸನಗರದವರಿಗಿಂತ ಹೆಚ್ಚು ಪರಿಸರಪ್ರೇಮಿಗಳೆಂದು ನನಗೆ ಅನ್ನಿಸುವುದಿಲ್ಲ. ಅವರ ನೆತ್ತಿಯ ಮೇಲೆ ಗಣಿಗಾರಿಕೆ ತೂಗುತ್ತಿತ್ತು. ಅಲ್ಲಿ ಆ ಮುದ್ರೆ ರಕ್ಷಣೆಯಾಗಿ ಕಂಡಿತು. ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ, ಬಾಕ್ಸೈಟ್ ಗಣಿ ಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ರಾಜ್ಯ ಸರ್ಕಾರವೇ ಹನ್ನೆರಡು ಹಳ್ಳಿಗಳನ್ನು ಆರಿಸಿತು. ಆ ಮಳೆಗಾಲದಲ್ಲಿ ಒಂದೊಂದಾಗಿ ಸಭೆ ನಡೆದು ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. ಆಡಿದ ಮಾತು ನಡೆಯುತ್ತದೆ ಎಂದು ಗೊತ್ತಿದ್ದಾಗ ಜನ ಹೇಗೆ ಉತ್ತರಿಸುತ್ತಾರೆ ಎಂಬುದಕ್ಕೆ ನಮ್ಮ ದೇಶದಲ್ಲಿ ಅದಕ್ಕಿಂತ ಗಟ್ಟಿಯಾದ ಸಮೀಕ್ಷೆ ನಡೆದಿಲ್ಲ.

ನಮ್ಮಲ್ಲೂ ಒಂದು ಕಾಲದಲ್ಲಿ ಇದಕ್ಕೆ ಹತ್ತಿರದ ಪ್ರಯೋಗ ನಡೆದಿತ್ತು. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಮಾತು ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನು ಊರಿಗೇ ಕರೆಸಿ, ಯೋಜನೆಯ ಲಾಭನಷ್ಟದ ಲೆಕ್ಕವನ್ನು ಎಲ್ಲರ ಮುಂದೆ ಬಿಡಿಸಿ ನೋಡಿತು. ಅಡಿಕೆ ಮಂಡಿಯ ಲೆಕ್ಕ ಬಲ್ಲವರಿಗೆ ಅಣೆಕಟ್ಟಿನ ಲೆಕ್ಕ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಯೋಜನೆ ನಿಂತಿತು. ಅಲ್ಲಿ ಜನರ ಅಭಿಪ್ರಾಯವನ್ನು ಯಾರೂ ಹೊರಗಿನಿಂದ ಬಂದು ಸಂಗ್ರಹಿಸಲಿಲ್ಲ. ಮಾಹಿತಿ ಕೈಗೆ ಬಂದು, ನೆರೆಹೊರೆಯವರೊಡನೆ ಜಗಳವಾಡಿ, ಮಾತಿಗೆ ಮಾತು ಬೆಳೆದು ಅಭಿಪ್ರಾಯವೊಂದು ರೂಪುಗೊಂಡಿತು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದಿಯೂ 1970ರ ದಶಕದ ಆರಂಭದಲ್ಲೇ ಒಂದು ತಕರಾರು ಎತ್ತಿದ್ದ: ಸಮೀಕ್ಷೆಗಳು ಪ್ರತಿಯೊಬ್ಬರಿಗೂ ಪ್ರತಿಯೊಂದರ ಬಗ್ಗೆಯೂ ಅಭಿಪ್ರಾಯವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತವೆ, ಯಾವ ಪ್ರಶ್ನೆ ಕೇಳಬೇಕೆಂಬುದರಲ್ಲೂ ಎಲ್ಲರಿಗೂ ಸಹಮತವಿದೆ ಎಂದುಕೊಳ್ಳುತ್ತವೆ ಎಂದು. ಆ ತಕರಾರನ್ನು ಪೂರ್ತಿ ಒಪ್ಪಿದರೆ ಸಮೀಕ್ಷೆಯನ್ನೇ ಕೈಬಿಡಬೇಕಾಗುತ್ತದೆ, ಅಷ್ಟು ದೂರ ನಾನು ಹೋಗಲಾರೆ.

ಏಕೆಂದರೆ ಗ್ರಾಮಸಭೆಯೂ ಸತ್ಯದ ಗುಡಿಯಲ್ಲ. ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಯಾರು ಹಿಂದೆ ನಿಲ್ಲುತ್ತಾರೆ, ಹೆಂಗಸರು ಯಾವಾಗ ಎದ್ದು ಹೋಗುತ್ತಾರೆ ಎಂಬುದು ಹಳ್ಳಿ ಬಲ್ಲವರಿಗೆ ಗೊತ್ತು. ಜಮೀನಿಲ್ಲದ ಕೂಲಿಯವನು ದಣಿಯೆದುರು ಕೈ ಎತ್ತುವುದೂ ಅಷ್ಟರಲ್ಲೇ ಇದೆ. ಅಂಥ ಕಡೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವ ಸಮೀಕ್ಷೆಗೆ ಬೆಲೆಯಿದೆ. 125 ದೇಶಗಳ ಸುಮಾರು 1,30,000 ಮಂದಿಯನ್ನು ಕೇಳಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ನನಗೆ ಬಹಳ ಮುಖ್ಯವೆನ್ನಿಸಿತು. ಹವಾಮಾನದ ಸಲುವಾಗಿ ತಿಂಗಳ ವರಮಾನದಲ್ಲಿ ನೂರಕ್ಕೊಂದು ರೂಪಾಯಿ ಕೊಡುತ್ತೀರಾ ಎಂದರೆ ಶೇ 69 ಮಂದಿ ಹೌದು ಎಂದರು. ನಿಮ್ಮ ದೇಶದಲ್ಲಿ ಎಷ್ಟು ಮಂದಿ ಹಾಗೆ ಕೊಟ್ಟಾರು ಎಂದು ಕೇಳಿದಾಗ ಅವರ ಅಂದಾಜು ಸರಾಸರಿ ಶೇ 43 ಮಾತ್ರ. ಮೊದಲ ಉತ್ತರದಲ್ಲಿ ಎಷ್ಟು ಜಳ್ಳೋ ಎಷ್ಟು ಕಾಳೋ, ಎರಡನೆಯದು ಮಾತ್ರ ಹೊಸ ಸುದ್ದಿ. ಪಕ್ಕದವನು ಮಾಡುವುದಿಲ್ಲ ಎಂದು ಪ್ರತಿಯೊಬ್ಬನೂ ನಂಬಿ ಕೂತಿದ್ದಾನೆ. ಸಭೆಯಲ್ಲಿ ದೊಡ್ಡ ದನಿಯ ನಾಲ್ಕು ಮಂದಿ ಬೇಡ ಎಂದಾಗ ಉಳಿದ ನಲವತ್ತು ಮಂದಿ ಸುಮ್ಮನಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನೂ ಕಷ್ಟದ ಪ್ರಶ್ನೆ ಯಾರನ್ನು ಕೇಳಬೇಕೆಂಬುದು. ಘಟ್ಟ ಘಟ್ಟದವರದು ಮಾತ್ರವೇ? ಬೆಂಗಳೂರು ಕುಡಿಯುವ ಕಾವೇರಿ ತಲಕಾವೇರಿಯ ಕಡೆಯಿಂದ ಬಂದು, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪಾಗಿ ನಲ್ಲಿಗೆ ಬರುತ್ತದೆ. ಕೊಡಗಿನ ಕಾಡು ಉಳಿಯಬೇಕೇ ಎಂದು ಜಯನಗರದಲ್ಲಿ ಸಮೀಕ್ಷೆ ಮಾಡಿದರೆ ಫಲಿತಾಂಶ ಏನೆಂದು ಮಾಡದೆಯೇ ಹೇಳಬಹುದು. ನನಗೆ ಬೇಕಾದ ಪ್ರಶ್ನೆ ಬೇರೆ: ಬೀಟೆ, ಹೊನ್ನೆ ಉಳಿಸಿಕೊಂಡ ಬೆಳೆಗಾರನಿಗೆ ಕೊಡಲು ನಿಮ್ಮ ನೀರಿನ ಬಿಲ್ಲಿನಲ್ಲಿ ತಿಂಗಳಿಗೆ ಎಷ್ಟು ಸೇರಿಸಬಹುದು? ಹಾಗೆಯೇ ಬೆಳೆಗಾರನಿಗೂ: ಎಷ್ಟು ಬಂದರೆ, ಯಾರ ಕೈಯಿಂದ ಬಂದರೆ, ಯಾವ ಕಾಗದ ಕೊಟ್ಟರೆ ನೀವು ಸಿಲ್ವರ್ ಓಕ್ ಬಿಡುತ್ತೀರಿ? ಈ ಇಬ್ಬರ ಉತ್ತರಗಳನ್ನು ಎದುರುಬದುರು ಇಟ್ಟಾಗ ಸಿಗುವುದು ನೀತಿ ರೂಪಿಸಲು ಬರುವ ಮಾಹಿತಿ. ಚಿಂತೆಯ ಶೇಕಡಾವಾರು ಲೆಕ್ಕ ಭಾಷಣಕ್ಕೆ ಬರುತ್ತದೆ.

ವಯನಾಡಿನ ಗುಡ್ಡ ಕುಸಿದದ್ದು 2024ರ ಜುಲೈ 30ರಂದು. ಮರುದಿನದ ತಾರೀಕು ಹೊತ್ತು ಕೇಂದ್ರದ ಆರನೇ ಕರಡು ಅಧಿಸೂಚನೆ ಹೊರಬಿತ್ತು, ಆಕ್ಷೇಪಣೆಗೆ ಅರವತ್ತು ದಿನ. ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ಬೇಡವೆಂದು ತೀರ್ಮಾನಿಸಿತು. ಜನರ ವಿರೋಧವಿದೆ ಎಂಬುದು ಕಾರಣ. ಜನರ ವಿರೋಧ ಇದ್ದದ್ದು ನಿಜ. ಆದರೆ ಸಾವಿರಕ್ಕೂ ಹೆಚ್ಚು ಗ್ರಾಮಗಳಲ್ಲಿ ಎಷ್ಟು ಗ್ರಾಮ ಕ್ವಾರಿ ನಿಲ್ಲುವುದನ್ನು ವಿರೋಧಿಸಿತು, ಎಷ್ಟು ಗ್ರಾಮ ಇಲಾಖೆಯ ಭಯಕ್ಕೆ ವಿರೋಧಿಸಿತು, ಷರತ್ತುಗಳ ಪಟ್ಟಿ ಕನ್ನಡದಲ್ಲಿ ಕೈಗೆ ಸಿಕ್ಕಿದ್ದರೆ ಯಾವ ಗ್ರಾಮ ಯಾವ ಷರತ್ತನ್ನು ಒಪ್ಪುತ್ತಿತ್ತು ಎಂಬುದು ಆ ಒಂದು ಬೇಡದಲ್ಲಿ ಕರಗಿಹೋಗಿದೆ. ಷರತ್ತು ಒಂದೊಂದನ್ನೂ ಬಿಡಿಸಿ ಕೇಳಿ, ಗ್ರಾಮವಾರು ಉತ್ತರವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಕೆಲವು ಊರುಗಳು ಕಲ್ಲು ಕ್ವಾರಿಯೇ ಬೇಕು ಎಂದಾವು. ಅನ್ನಲಿ. ಯಾವ ಊರು, ಯಾರ ಸಹಿ, ಎಷ್ಟು ಮಂದಿ ಹಾಜರಿ ಎಂಬುದು ಆಗ ಕೆಳಗಿನ ಊರಿನವರಿಗೂ ಗೊತ್ತಿರುತ್ತದೆ.